ಬೇಸ್‌ಲೈನ್ ಏರಿದ್ದು ಎಲ್ಲಿಂದ? ತೊಗರಿ ಪರೀಕ್ಷೆಯ ಜಿಸಿ, ನೈಟ್ರೋಜನ್ ಶುದ್ಧತೆ: ಕಲಬುರಗಿಯ ಒಂದು ಪ್ರಕರಣ

ಕಲಬುರಗಿಯಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೊಗರಿ ರಾಶಿಯ ಕಾಲ. ಮಾರುಕಟ್ಟೆಗೆ ಆವಕ ಏರಿದಂತೆ ಪ್ರಯೋಗಾಲಯದ ಮೇಜಿನ ಮೇಲೆ ಬೇಳೆಯ ಪೊಟ್ಟಣಗಳೂ ಏರುತ್ತವೆ. 2019ರಲ್ಲಿ ಇಲ್ಲಿಯ ತೊಗರಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಆ ಹೆಸರಿನಲ್ಲಿ ಮಾರುವವರು ಕೀಟನಾಶಕದ ಉಳಿಕೆ ಎಷ್ಟಿದೆ ಎಂಬ ವರದಿಯನ್ನೂ ಕೈಯಲ್ಲಿ ಹಿಡಿದಿರಬೇಕಾಗುತ್ತದೆ. ಇಂಥ ಕಾಲದಲ್ಲಿಯೇ ನಗರದ ಒಂದು ಸಣ್ಣ ಪರೀಕ್ಷಾ ಪ್ರಯೋಗಾಲಯದ ಗ್ಯಾಸ್ ಕ್ರೊಮಟೋಗ್ರಾಫ್ (ಜಿಸಿ), ಅಂದರೆ ಮಾದರಿಯನ್ನು ಆವಿಯಾಗಿಸಿ ಅದರ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ, ಕೈಕೊಟ್ಟಿತು. ಯಂತ್ರದಲ್ಲಿ ಒಂದು ತಿರುಪೂ ಕೆಟ್ಟಿರಲಿಲ್ಲ. ಕೆಟ್ಟದ್ದು ಅದಕ್ಕೆ ಬರುತ್ತಿದ್ದ ನೈಟ್ರೋಜನ್.

ಯಂತ್ರಕ್ಕೆ ಎರಡು ಚಾನೆಲ್. ಪ್ರತಿಯೊಂದರಲ್ಲೂ ಘಟಕಗಳನ್ನು ಬೇರ್ಪಡಿಸುವ, ಒಳಗೆ ಲೇಪವಿರುವ ಸಪೂರ ಕೊಳವೆ, ಅಂದರೆ ಕಾಲಂ; ತುದಿಗೆ ಅವನ್ನು ಗುರುತಿಸುವ ಡಿಟೆಕ್ಟರ್. ಒಂದರಲ್ಲಿ 30 ಮೀಟರ್ ಉದ್ದ, 0.25 ಮಿ.ಮೀ. ಒಳವ್ಯಾಸದ, ಶೇ. 5 ಫಿನೈಲ್ ಕಾಲಂ. ಅದರ ತುದಿಗೆ ನಿಕಲ್-63 ಇರುವ ಇಸಿಡಿ, ಅಂದರೆ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್. ತೊಗರಿಯ ಕಾಯಿಕೊರಕಕ್ಕೆ ಹೊಡೆಯುವ ಕ್ಲೋರ್‌ಪೈರಿಫಾಸ್, ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹ್ಯಾಲೋಥ್ರಿನ್‌ನಂಥ ಕ್ಲೋರಿನ್ ಇರುವ ಔಷಧಿಗಳನ್ನು ಹಿಡಿಯುವುದು ಇದರ ಕೆಲಸ. ಇನ್ನೊಂದು ಚಾನೆಲ್‌ನಲ್ಲಿ ವ್ಯಾಕ್ಸ್ ಕಾಲಂ, ತುದಿಗೆ ಎಫ್‌ಐಡಿ, ಅಂದರೆ ಇಂಗಾಲದ ಸಂಯುಕ್ತಗಳನ್ನು ಜ್ವಾಲೆಯಲ್ಲಿ ಸುಟ್ಟು ಅಳೆಯುವ ಫ್ಲೇಮ್ ಅಯೊನೈಸೇಷನ್ ಡಿಟೆಕ್ಟರ್. ಕುಸುಬೆ ಎಣ್ಣೆಯಲ್ಲಿ ಬೇರೆ ಎಣ್ಣೆ ಬೆರೆತಿದೆಯೇ ಎಂದು ಕೊಬ್ಬಿನಾಮ್ಲಗಳ ಮೂಲಕ ನೋಡುವುದು ಇದರಲ್ಲಿ. ಹೀಲಿಯಂ ದುಬಾರಿ, ಬೇಕಾದಾಗ ಸಿಗುವುದೂ ಇಲ್ಲ ಎಂದು ಎರಡಕ್ಕೂ ನೈಟ್ರೋಜನ್ನೇ ಕ್ಯಾರಿಯರ್, ಅಂದರೆ ಮಾದರಿಯನ್ನು ಕಾಲಂ ಮೂಲಕ ಹೊತ್ತೊಯ್ಯುವ ಗ್ಯಾಸ್. ಡಿಟೆಕ್ಟರ್‌ಗಳಿಗೆ ನೇರವಾಗಿ ಸೇರಿಸುವ ಹೆಚ್ಚುವರಿ ಹರಿವು, ಅಂದರೆ ಮೇಕಪ್ ಗ್ಯಾಸೂ ಅದೇ ಲೈನಿನಿಂದ. ಇಸಿಡಿಗೆ ನಿಮಿಷಕ್ಕೆ 60 ಮಿ.ಲೀ., ಎಫ್‌ಐಡಿಗೆ 25, ಕಾಲಂಗಳಿಗೆ ಒಂದೊಂದು, ಮಾದರಿ ಒಳಹೋಗುವ ಇಂಜೆಕ್ಟರ್‌ನಿಂದ ಹೊರಬೀಳುವ ಪರ್ಜ್ ಮತ್ತು ಸ್ಪ್ಲಿಟ್ ಹರಿವು ಸೇರಿದರೆ ಒಟ್ಟು ಹೆಚ್ಚುಕಡಿಮೆ 100 ಮಿ.ಲೀ. ಈ 100 ಎಂಬ ಅಂಕಿ ಮುಂದೆ ಲೆಕ್ಕಕ್ಕೆ ಬರುತ್ತದೆ.

ಕಂಡದ್ದು ಏನು

ಜನವರಿ ಎರಡನೇ ವಾರದಿಂದ ಇಸಿಡಿ ಬೇಸ್‌ಲೈನ್, ಅಂದರೆ ಮಾದರಿ ಇಲ್ಲದಾಗಲೂ ಇರುವ ಮೂಲ ಸಿಗ್ನಲ್, ಏರತೊಡಗಿತು. 320 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಮೂಲಾಗಿ 190 ಹರ್ಟ್ಸ್ ಆಸುಪಾಸು ಇರುತ್ತಿದ್ದದ್ದು 900ರ ಹತ್ತಿರ ಬಂತು. ಕಿಲೋಗೆ 0.01 ಮಿ.ಗ್ರಾಂ. ಮಟ್ಟದ ಕ್ಲೋರ್‌ಪೈರಿಫಾಸ್ ಪೀಕ್ (ಸಿಗ್ನಲ್‌ನ ಶಿಖರ) ಮೊದಲು ಹಿನ್ನೆಲೆಯ ಸಣ್ಣ ಏರಿಳಿತದ ಸದ್ದಿಗಿಂತ 38 ಪಟ್ಟು ಎದ್ದು ನಿಲ್ಲುತ್ತಿತ್ತು. ಈಗ 7 ಪಟ್ಟು. ಪರಿಮಾಣ ಹೇಳಲು ಕನಿಷ್ಠ 10 ಪಟ್ಟು ಬೇಕು. ಮಿತಿ ನಿಗದಿಯಾಗಿರದ ಕೀಟನಾಶಕಗಳಿಗೆ ನಮ್ಮ ಆಹಾರ ನಿಯಮದಲ್ಲಿ ಅನ್ವಯವಾಗುವುದು ಈ 0.01ರ ಮಟ್ಟವೇ. ಹಾಗಾಗಿ ವರದಿ ಕೊಡುವುದೇ ನಿಂತುಹೋಯಿತು.

ಮೊದಲ ಅನುಮಾನ ಎಲ್ಲರಿಗೂ ಬರುವಂಥದ್ದು: ಬೇಳೆಯ ಸಾರ ಕಾಲಂನ ತಲೆಗೆ ಕೂತಿದೆ. ಇಂಜೆಕ್ಟರ್‌ನ ಲೈನರ್ (ಒಳಗಿನ ಗಾಜಿನ ಕೊಳವೆ), ಸೆಪ್ಟಮ್ (ಸೂಜಿ ಚುಚ್ಚುವ ರಬ್ಬರ್ ಮುಚ್ಚಳ) ಬದಲಾಯಿತು. ಕಾಲಂನ ತಲೆ 30 ಸೆಂ.ಮೀ. ಕತ್ತರಿಸಲಾಯಿತು. ಡಿಟೆಕ್ಟರನ್ನು ರಾತ್ರಿಯಿಡೀ 350 ಡಿಗ್ರಿಯಲ್ಲಿ ಕಾಯಿಸಲಾಯಿತು. ಬೆಳಿಗ್ಗೆ ಕೊಂಚ ಇಳಿದ ಬೇಸ್‌ಲೈನ್ ಮಧ್ಯಾಹ್ನದೊಳಗೆ ಮತ್ತೆ ಅಲ್ಲಿಗೇ ಬಂತು. ಮುಂದಿನ ಸಲಹೆ ಅತಿ ಶುದ್ಧವಾದ 6.0 ದರ್ಜೆಯ ಹೀಲಿಯಂ ತರಿಸಬೇಕೆಂಬುದು. ದರಪಟ್ಟಿಯೂ ಬಂದಿತ್ತು.

ಇಷ್ಟರಲ್ಲಿ ಯಾರೂ ಗಮನ ಕೊಡದ ಇನ್ನೊಂದು ಗುರುತು ಪಕ್ಕದ ಚಾನೆಲ್‌ನಲ್ಲಿತ್ತು. ವ್ಯಾಕ್ಸ್ ಕಾಲಂ 240 ಡಿಗ್ರಿ ತಲುಪಿದಾಗ ಎಫ್‌ಐಡಿ ಬೇಸ್‌ಲೈನ್ 12 ಪಿಕೋಆಂಪಿಯರ್ ಇದ್ದದ್ದು 31 ಆಗಿತ್ತು. ಲಿನೋಲಿಕ್ ಆಮ್ಲದ ಪೀಕ್ ಅರ್ಧ ನಿಮಿಷಕ್ಕಿಂತ ಹೆಚ್ಚು ಮುಂಚೆ ಬರುತ್ತಿತ್ತು. ಎಫ್‌ಐಡಿಗೆ ಆಕ್ಸಿಜನ್ ಕಾಣುವುದಿಲ್ಲ, ನೀರೂ ಕಾಣುವುದಿಲ್ಲ. ಆದರೆ ಆಕ್ಸಿಜನ್ ಸುಟ್ಟು ಉದುರಿಸಿದ ಕಾಲಂ ಲೇಪ ಕಾಣುತ್ತದೆ. ಲೇಪ ತೆಳುವಾದಷ್ಟೂ ಪೀಕ್ ಬೇಗ ಹೊರಬೀಳುತ್ತದೆ. ಎರಡು ಬೇರೆ ಕಾಲಂ, ಎರಡು ಬೇರೆ ಡಿಟೆಕ್ಟರ್ ಒಟ್ಟಿಗೇ ಮಲಗಿದರೆ ಇಬ್ಬರೂ ಕುಡಿದ ನೀರಿನ ಬಾವಿಯನ್ನು ನೋಡಬೇಕು. ಇಲ್ಲಿ ಆ ಬಾವಿ ನೈಟ್ರೋಜನ್ ಲೈನ್.

ಆಕ್ಸಿಜನ್ ಇಸಿಡಿಗೆ ಏನು ಮಾಡುತ್ತದೆ

ನಿಕಲ್-63ರಿಂದ ಹೊರಡುವ ಬೀಟಾ ಕಣಗಳು ನೈಟ್ರೋಜನ್ ಅಣುಗಳಿಗೆ ಬಡಿದು ನಿಧಾನಗತಿಯ ಎಲೆಕ್ಟ್ರಾನ್‌ಗಳ ಮೋಡವೊಂದನ್ನು ಎಬ್ಬಿಸುತ್ತವೆ. ಕ್ಲೋರಿನ್ ಇರುವ ಅಣು ಬಂದಾಗ ಆ ಎಲೆಕ್ಟ್ರಾನ್‌ಗಳನ್ನು ನುಂಗುತ್ತದೆ. ವಿದ್ಯುತ್ ಪ್ರವಾಹ ಕುಸಿಯದಂತೆ ಯಂತ್ರ ತನ್ನ ಪಲ್ಸ್‌ಗಳ ವೇಗ ಹೆಚ್ಚಿಸುತ್ತದೆ. ಆ ವೇಗವೇ ಹರ್ಟ್ಸ್‌ನಲ್ಲಿ ಕಾಣುವ ಸಿಗ್ನಲ್. ಆಕ್ಸಿಜನ್ ಕೂಡ ಎಲೆಕ್ಟ್ರಾನ್ ನುಂಗುವ ಜಾತಿಯದೇ. ಗ್ಯಾಸಿನಲ್ಲಿ ಅದು ಸದಾ ಇದ್ದರೆ ಯಂತ್ರ ಸದಾ ಓಡುತ್ತಲೇ ಇರುತ್ತದೆ, ಬೇಸ್‌ಲೈನ್ ಮೇಲೇರುತ್ತದೆ, ನಿಜವಾದ ಕೀಟನಾಶಕ ಬಂದಾಗ ಅದಕ್ಕೆ ಹಿಡಿಯಲು ಉಳಿದ ಎಲೆಕ್ಟ್ರಾನ್ ಕಡಿಮೆ. ಬೇಸ್‌ಲೈನ್ ಏರಿಕೆ, ಪೀಕ್ ಕುಗ್ಗುವಿಕೆ ಎರಡೂ ಒಟ್ಟಿಗೆ ಕಾಣುವುದು ಇದಕ್ಕೇ.

ಕಾಲಂ ತೆಗೆದು ಮಾಡಿದ ಪರೀಕ್ಷೆ

ಪ್ರಕರಣ ತಿರುವು ಪಡೆದದ್ದು ಇಲ್ಲಿ. ಇದಕ್ಕೆ ಹೊಸ ಉಪಕರಣ ಬೇಕಿಲ್ಲ, ಅರ್ಧ ದಿನ ಸಾಕು, ಹಾಗಾಗಿ ವಿವರವಾಗಿ.

ಓವನ್ ತಣಿಸಿ, ಕಾಲಂ ಅನ್ನು ಇಸಿಡಿಯಿಂದ ಬಿಡಿಸಿ, ಡಿಟೆಕ್ಟರ್ ಬಾಯಿಗೆ ತೂತಿಲ್ಲದ ಫೆರೂಲ್ (ಜೋಡಣೆ ಸೋರದಂತೆ ಬಿಗಿಯುವ ತುಣುಕು) ಮತ್ತು ನಟ್ ಹಾಕಿ ಮುಚ್ಚಲಾಯಿತು. ಡಿಟೆಕ್ಟರ್ ಸೆಲ್ಲನ್ನು ಮಾತ್ರ ಬಿಚ್ಚಬಾರದು. ಒಳಗಿರುವುದು ವಿಕಿರಣ ಮೂಲ. ಲೈನಿನ ಉಳಿದ ಹರಿವುಗಳನ್ನೂ ನಿಲ್ಲಿಸಲಾಯಿತು. ಈಗ ಒಳಗೆ ಬರುವುದು ಮೇಕಪ್ ನೈಟ್ರೋಜನ್ ಒಂದೇ. ಎರಡು ಗಂಟೆ ಬಿಟ್ಟು ನೋಡಿದರೆ 60 ಮಿ.ಲೀ.ನಲ್ಲಿ 820 ಹರ್ಟ್ಸ್. ಕಾಲಂ ಇಲ್ಲದೆಯೂ ಇಷ್ಟಿದೆ ಎಂದಮೇಲೆ ಕಾಲಂ, ಲೈನರ್, ಬೇಳೆಯ ಸಾರ ಎಲ್ಲವೂ ನಿರ್ದೋಷಿಗಳು. ಹಳೆಯ ದಾಖಲೆ ಪುಸ್ತಕದಲ್ಲಿ ಇದೇ ಸ್ಥಿತಿಯ ಅಳತೆ 150 ಎಂದಿತ್ತು.

ನಂತರ ಮೇಕಪ್ ಹರಿವನ್ನು 60ರಿಂದ 30 ಮಿ.ಲೀ.ಗೆ ಇಳಿಸಲಾಯಿತು. ಇದರ ಹಿಂದಿನ ತರ್ಕ ಸರಳ. ಕಲ್ಮಷ ಸಿಲಿಂಡರಿನೊಳಗೇ ಇದ್ದರೆ ಹರಿವು ಎಷ್ಟೇ ಇರಲಿ ಅದರ ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಬದಲಾಗದು. ಬೇಸ್‌ಲೈನ್ ಅಲ್ಲೇ ನಿಲ್ಲಬೇಕು. ಕಲ್ಮಷ ದಾರಿಯಲ್ಲಿ ನಿಮಿಷಕ್ಕೆ ಇಷ್ಟು ಎಂದು ನುಸುಳುತ್ತಿದ್ದರೆ, ಹರಿವು ಅರ್ಧವಾದಾಗ ಅದರ ಸಾಂದ್ರತೆ ಎರಡು ಪಟ್ಟಾಗಬೇಕು. ಬಂದ ಉತ್ತರ 1180 ಹರ್ಟ್ಸ್. ಸ್ವಚ್ಛ ಸ್ಥಿತಿಯ 150 ಕಳೆದರೆ, 60ರಲ್ಲಿ ಹೆಚ್ಚುವರಿ 670, 30ರಲ್ಲಿ 1030. ಒಂದೇ ಆಗಿಲ್ಲ, ಇಮ್ಮಡಿಯೂ ಆಗಿಲ್ಲ. ಅಂದರೆ ಎರಡೂ ಕಡೆಯಿಂದ ಬರುತ್ತಿದೆ. ಇಸಿಡಿಯ ಪ್ರತಿಕ್ರಿಯೆ ಪೂರ್ತಿ ಸರಳರೇಖೆಯಲ್ಲ, ಆದರೂ ಅಂದಾಜಿಗೆ ಲೆಕ್ಕ ಹಾಕಬಹುದು: 60 ಮಿ.ಲೀ.ನಲ್ಲಿ ದಾರಿಯ ಪಾಲು 360, ಸಿಲಿಂಡರಿನ ಪಾಲು 310.

ಎರಡು ತಪ್ಪು ಒಟ್ಟಿಗೆ ಸೇರಿದ ಪ್ರಕರಣಗಳೇ ಹೆಚ್ಚು ದಾರಿ ತಪ್ಪಿಸುವುದು. ಒಂದನ್ನು ಸರಿಪಡಿಸಿದಾಗ ಪೂರ್ತಿ ಗುಣ ಕಾಣದೆ, ಸರಿಯಾದ ಊಹೆಯನ್ನೇ ತಪ್ಪೆಂದು ಕೈಬಿಡುವ ಅಪಾಯ ಇರುತ್ತದೆ.

ದಾರಿಯ ಪಾಲು: ನೀಲಿ ಪೈಪು

ಡಿಸೆಂಬರ್‌ನಲ್ಲಿ ಸುರಕ್ಷತೆಗಾಗಿ ಸಿಲಿಂಡರ್‌ಗಳನ್ನು ಕೋಣೆಯಿಂದ ಹೊರಗಿನ ಪಡಸಾಲೆಗೆ ಸಾಗಿಸಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಹಳೆಯ ತಾಮ್ರದ ಕೊಳವೆ ಅಲ್ಲಿಯವರೆಗೆ ಸಾಲದಾಗಿ, ನಡುವೆ 12 ಮೀಟರ್ ನೀಲಿ ಪಾಲಿಯುರೇಥೇನ್ ಪೈಪು ಜೋಡಿಸಿದ್ದರು. ಗಾಳಿ ಕಂಪ್ರೆಸರ್‌ಗೆ ಹಾಕುವಂಥದ್ದು. ರೆಗ್ಯುಲೇಟರ್ ಕೂಡ ವೆಲ್ಡಿಂಗ್ ಅಂಗಡಿಯ ಬಗೆಯದು, ಒಳಗೆ ರಬ್ಬರ್ ಡಯಾಫ್ರಂ.

ಪೈಪು ಸೋರುತ್ತಿಲ್ಲ, ಒಳಗೆ 5 ಬಾರ್ ಒತ್ತಡ ಇದೆ, ಹಾಗಾದರೆ ಹೊರಗಿನ ಗಾಳಿ ಒಳಗೆ ಹೇಗೆ ನುಗ್ಗೀತು ಎಂಬ ಪ್ರಶ್ನೆ ಸಹಜ. ಪ್ಲಾಸ್ಟಿಕ್ಕಿನ ಗೋಡೆಯ ಮೂಲಕ ಅಣುಗಳು ಹಾಯುವಾಗ ಒಟ್ಟು ಒತ್ತಡ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ಅನಿಲವೂ ತನ್ನ ಪಾಲಿನ ಒತ್ತಡವನ್ನಷ್ಟೇ ನೋಡುತ್ತದೆ. ಹೊರಗಿನ ಗಾಳಿಯಲ್ಲಿ ಆಕ್ಸಿಜನ್ನಿನ ಪಾಲು ಸುಮಾರು 0.2 ಬಾರ್. ಒಳಗೆ ಗೇಜ್ 5 ಬಾರ್, ಅಂದರೆ ನಿಜ ಒತ್ತಡ 6 ಬಾರ್ ಇದ್ದು, 3 ಪಿಪಿಎಂ ಆಕ್ಸಿಜನ್ ಇದ್ದರೆ ಅದರ ಪಾಲು 0.000018 ಬಾರ್. ಹೊರಗಿನದು ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಆಕ್ಸಿಜನ್ನಿನ ಪಾಲಿಗೆ ಪೈಪಿನ ಒಳಗು ಖಾಲಿ ಪಾತ್ರೆಯಂತೆ. ನೀರಿನಾವಿಯದೂ ಇದೇ ಕಥೆ. ರಬ್ಬರ್ ಡಯಾಫ್ರಂ ಕೂಡ ಹೀಗೆಯೇ ಉಸಿರಾಡುತ್ತದೆ. ನೈಲಾನ್, ಸಿಲಿಕೋನ್, ಟೆಫ್ಲಾನ್ ಪೈಪುಗಳಲ್ಲಿ ಪ್ರಮಾಣ ಬೇರೆಬೇರೆ, ಆದರೆ ಇಸಿಡಿ ಲೈನಿಗೆ ಯಾವುದೂ ಸಲ್ಲದು.

ನೀಲಿ ಪೈಪು ತೆಗೆದು, ಪಡಸಾಲೆಯಲ್ಲೇ ಯಂತ್ರದ ಗೋಡೆಗೆ ತಾಗಿ ಸಿಲಿಂಡರ್ ನಿಲ್ಲಿಸಿ, 2 ಮೀಟರ್ ಸ್ವಚ್ಛ ತಾಮ್ರದ ಕೊಳವೆ ಹಾಕಿದಾಗ 820 ಇದ್ದದ್ದು ಮರುದಿನ ಬೆಳಿಗ್ಗೆಗೆ 560. ಸ್ಟೀಲ್ ಡಯಾಫ್ರಂ ಇರುವ ಎರಡು ಹಂತದ ರೆಗ್ಯುಲೇಟರ್ ಹಾಕಿದಾಗ 480. ಲೆಕ್ಕ ಹೇಳಿದ 460ಕ್ಕೆ ಇದು ಹತ್ತಿರ. ಉಳಿದದ್ದು ಸಿಲಿಂಡರಿನದು.

ಸಿಲಿಂಡರಿನ ಪಾಲು: ಒಂದು 9ರ ವ್ಯತ್ಯಾಸ

ಖರೀದಿ ಆದೇಶದಲ್ಲಿ ಬರೆದದ್ದು ‘ಹೈ ಪ್ಯೂರಿಟಿ ನೈಟ್ರೋಜನ್’ ಎಂದಷ್ಟೇ. ಜನವರಿಯಲ್ಲಿ ಬಂದ ಸಿಲಿಂಡರಿನ ಪ್ರಮಾಣಪತ್ರದಲ್ಲಿ 99.99 ಎಂದಿತ್ತು, ಹಿಂದಿನವು 99.999. ಇಳಿಸಿಕೊಂಡ ಸ್ಟೋರಿನವರು ಕೇಳಿದ ಮಾತು ಹೀಗಿತ್ತು: “ಸರ, ಎರಡೂ ನೈಟ್ರೋಜನ್ನೇ ಅದಾವ್ರೀ, ಒಂದು ಒಂಬತ್ತು ಕಮ್ಮಿ ಆದ್ರ ಏನ್ ಫರಕ್ ಆಗ್ತದ್ರೀ?” ಕೇಳಬೇಕಾದ ಪ್ರಶ್ನೆಯೇ ಅದು. 99.99 ಅಂದರೆ ಒಟ್ಟು ಕಲ್ಮಷ 100 ಪಿಪಿಎಂವರೆಗೆ, 99.999 ಅಂದರೆ 10ರವರೆಗೆ. ಹತ್ತು ಪಟ್ಟು ಫರಕು. ದರ್ಜೆಯ ಹೆಸರೂ ಹೀಗೇ ಓದುವುದು: 5.0ರಲ್ಲಿ ಐದು ಒಂಬತ್ತು, 4.5 ಅಂದರೆ ನಾಲ್ಕು ಒಂಬತ್ತು, ಕೊನೆಗೊಂದು 5, ಅಂದರೆ 99.995, 6.0 ಅಂದರೆ ಆರು ಒಂಬತ್ತು, ಕಲ್ಮಷ 1 ಪಿಪಿಎಂ.

ಲೈನಿನಲ್ಲಿ ಕಲ್ಮಷ ಹಿಡಿಯುವ ಟ್ರ್ಯಾಪ್ ಇದೆಯಲ್ಲ, ಅದು ಹೀರಿಕೊಳ್ಳುವುದಿಲ್ಲವೇ ಎಂದರೆ, ಈಗ 100 ಮಿ.ಲೀ.ನ ಲೆಕ್ಕ. ದಿನಕ್ಕೆ 144 ಲೀಟರ್ ನೈಟ್ರೋಜನ್ ಹಾಯುತ್ತದೆ. ಅದರಲ್ಲಿ 2 ಪಿಪಿಎಂ ಆಕ್ಸಿಜನ್ ಇದ್ದರೆ ದಿನಕ್ಕೆ 0.29 ಮಿ.ಲೀ.; 50 ಪಿಪಿಎಂ ಇದ್ದರೆ 7.2 ಮಿ.ಲೀ. ಟ್ರ್ಯಾಪ್ 100 ಮಿ.ಲೀ. ಆಕ್ಸಿಜನ್ ಹಿಡಿಯಬಲ್ಲದು ಎಂದುಕೊಂಡರೆ ಮೊದಲನೆಯದರಲ್ಲಿ ಅದು ವರ್ಷದ ಹತ್ತಿರ ಬಾಳುತ್ತದೆ, ಎರಡನೆಯದರಲ್ಲಿ ಎರಡೇ ವಾರ. 7 ಘನ ಮೀಟರಿನ ಒಂದು ಸಿಲಿಂಡರ್ ಈ ಹರಿವಿಗೆ ಒಂದೂವರೆ ತಿಂಗಳು ಬರುತ್ತದೆ. ಅಂದರೆ ಕಡಿಮೆ ದರ್ಜೆಯ ಗ್ಯಾಸ್ ಹಾಕಿದರೆ ಮೊದಲ ಸಿಲಿಂಡರ್ ಮುಗಿಯುವ ಮುಂಚೆಯೇ ಹೊಸ ಟ್ರ್ಯಾಪ್ ಸತ್ತಿರುತ್ತದೆ. ಟ್ರ್ಯಾಪ್ ಇರುವುದು ಒಳ್ಳೆಯ ಗ್ಯಾಸಿನ ಕೊನೆಯ ಕೊಳೆ ಒರೆಸಲು. ಕೆಟ್ಟ ಗ್ಯಾಸನ್ನು ಒಳ್ಳೆಯದು ಮಾಡುವುದು ಅದರಿಂದ ಆಗದು. ಈ ಪ್ರಯೋಗಾಲಯದ ಟ್ರ್ಯಾಪಿನ ಮೇಲೆ ಹಾಕಿದ ತಾರೀಖೇ ಇರಲಿಲ್ಲ.

ಹಾಗಾದರೆ 6.0 ತರಿಸುವುದೇ ಮೇಲಲ್ಲವೇ? ಇಲ್ಲಿಯ ಸ್ಥಿತಿಯಲ್ಲಿ ಅದು ದುಡ್ಡು ಸುರಿದಂತೆ ಆಗುತ್ತಿತ್ತು. ನೀಲಿ ಪೈಪಿನ ಮೂಲಕ ಹಾದರೆ 6.0 ಕೂಡ ಯಂತ್ರ ತಲುಪುವ ಹೊತ್ತಿಗೆ 6.0 ಆಗಿ ಉಳಿಯುವುದಿಲ್ಲ. ಇನ್ನೊಂದು ಮಾತೂ ಇದೆ. ಒಂಬತ್ತುಗಳ ಲೆಕ್ಕ ಪಿಪಿಎಂ ಮಟ್ಟದ್ದು. ಇಸಿಡಿಗೆ ಕ್ಲೋರಿನ್ ಇರುವ ದ್ರಾವಕದ ಆವಿ ಪಿಪಿಬಿ (ನೂರು ಕೋಟಿ ಭಾಗದಲ್ಲಿ ಒಂದು ಭಾಗ) ಮಟ್ಟದಲ್ಲಿದ್ದರೂ ಸಾಕು, ತೊಂದರೆ. ಒಂಬತ್ತುಗಳ ಸಂಖ್ಯೆ ಅದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಾಗಾಗಿ ಇಸಿಡಿಗೆ ಗ್ಯಾಸ್ ತರಿಸುವವರು ಒಂಬತ್ತು ಎಣಿಸುವುದಕ್ಕಿಂತ ಯಾವ ಕಲ್ಮಷ ಎಷ್ಟಿದೆ ಎಂದು ಓದುವುದು ಮುಖ್ಯ.

ಕೊನೆಗೆ ಆಯ್ಕೆಯಾದದ್ದು

ನೈಟ್ರೋಜನ್: 99.999ಕ್ಕೆ ಕಡಿಮೆಯಿಲ್ಲ, ಆಕ್ಸಿಜನ್ 2 ಪಿಪಿಎಂ, ನೀರು 3 ಪಿಪಿಎಂ, ಒಟ್ಟು ಹೈಡ್ರೋಕಾರ್ಬನ್ 0.5 ಪಿಪಿಎಂ ಮೀರಬಾರದು. ಹ್ಯಾಲೊಜನ್ ಇರುವ ಕಲ್ಮಷ 1 ಪಿಪಿಬಿ ಒಳಗೆ. ಈ ಸಾಲು ಇದ್ದಂತೆಯೇ ಖರೀದಿ ಆದೇಶಕ್ಕೆ ಹೋಯಿತು. ಜೊತೆಗೆ, ಪ್ರಮಾಣಪತ್ರ ಇಡೀ ಬ್ಯಾಚಿನದೋ ಆ ಸಿಲಿಂಡರಿನದೋ ಎಂದು ಬರೆದು ಕೊಡಬೇಕು. ಬ್ಯಾಚಿನದಾದರೆ ಅಳೆದದ್ದು ಬೇರೆ ಸಿಲಿಂಡರನ್ನೂ ಆಗಿರಬಹುದು.

ಎಫ್‌ಐಡಿಯ ಗಾಳಿಗೆ ಒಂಬತ್ತುಗಳ ಗೊಡವೆಯೇ ಬೇಡ. ಅಲ್ಲಿ ಆಕ್ಸಿಜನ್ ಬೇಕೇ ಬೇಕು, ಆಗದಿರುವುದು ಹೈಡ್ರೋಕಾರ್ಬನ್; ಅದು 0.1 ಪಿಪಿಎಂ ಒಳಗಿದ್ದರೆ ಸಾಕು. ನಿಮಿಷಕ್ಕೆ 400 ಮಿ.ಲೀ. ಹೋಗುವುದರಿಂದ ಸಿಲಿಂಡರ್ 12 ದಿನಕ್ಕೆ ಖಾಲಿ. ಹಾಗಾಗಿ ಎಣ್ಣೆಯಿಲ್ಲದ ಕಂಪ್ರೆಸರ್, ಗಾಳಿಯಿಂದ ಹೈಡ್ರೋಕಾರ್ಬನ್ ತೆಗೆಯುವ ಝೀರೋ ಏರ್ ಜನರೇಟರ್ ಇಟ್ಟರು. ಗಾಳಿಯ ಲೈನಿಗೆ ಆಕ್ಸಿಜನ್ ಟ್ರ್ಯಾಪ್ ಹಾಕಬಾರದು ಎಂದು ಬೇರೆ ಹೇಳಬೇಕಿಲ್ಲ, ಆದರೂ ಹಾಕಿಬಿಡುವುದುಂಟು. ಹೈಡ್ರೋಜನ್ 99.999, ಅದರ ಲೈನು ತಾಮ್ರದ ಬದಲು ಸ್ಟೇನ್‌ಲೆಸ್ ಸ್ಟೀಲ್.

ನೈಟ್ರೋಜನ್ ಲೈನು ಪೂರ್ತಿ ಒಂದು ಬೈ ಎಂಟು ಇಂಚಿನ, ಜಿಸಿಗೆಂದೇ ಸ್ವಚ್ಛಗೊಳಿಸಿದ ತಾಮ್ರ. ಜೋಡಣೆಗಳೆಲ್ಲ ಎರಡು ಫೆರೂಲಿನ ಹಿತ್ತಾಳೆ ಫಿಟಿಂಗ್. ಬೆಸುಗೆ ಹಾಕಲಿಲ್ಲ, ಫ್ಲಕ್ಸ್ ಒಳಗೆ ಉಳಿದು ತಿಂಗಳುಗಟ್ಟಲೆ ಆವಿ ಬಿಡುತ್ತದೆ. ಟ್ರ್ಯಾಪ್‌ಗಳ ಸಾಲು ಸಿಲಿಂಡರಿನಿಂದ ಯಂತ್ರದ ಕಡೆಗೆ ಹೀಗೆ: ಮೊದಲು ತೇವಾಂಶ, ಆಮೇಲೆ ಹೈಡ್ರೋಕಾರ್ಬನ್, ಆಮೇಲೆ ಆಕ್ಸಿಜನ್, ಕೊನೆಗೆ ಬಣ್ಣ ಬದಲಿಸಿ ತೋರಿಸುವ ಆಕ್ಸಿಜನ್ ಟ್ರ್ಯಾಪ್. ಎಲ್ಲವೂ ನೆಟ್ಟಗೆ ನಿಂತಿರಬೇಕು. ಮಲಗಿಸಿದರೆ ಒಳಗಿನ ಕಾಳು ಕೆಳಗೆ ಕುಸಿದು ಗ್ಯಾಸು ಮೇಲಿನ ಖಾಲಿ ದಾರಿಯಲ್ಲೇ ಜಾರಿಹೋಗುತ್ತದೆ.

ಸೋರಿಕೆ ನೋಡಲು ಸಾಬೂನು ನೀರು ಬಳಸಲಿಲ್ಲ, ಸಂದಿಯಲ್ಲಿ ಒಳಗೆಳೆದುಕೊಂಡರೆ ಇಸಿಡಿ ಅದನ್ನು ವಾರಗಟ್ಟಲೆ ನೆನಪಿಡುತ್ತದೆ. ಕೈಯಲ್ಲಿ ಹಿಡಿಯುವ ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರ್ ಹೀಲಿಯಂ, ಹೈಡ್ರೋಜನ್‌ಗೆ ಚೆನ್ನ. ಗಾಳಿಯಲ್ಲಿ ನೈಟ್ರೋಜನ್ ಹುಡುಕಲು ಅದಕ್ಕೆ ಬರುವುದಿಲ್ಲ, ಗಾಳಿಯೇ ಬಹುಪಾಲು ನೈಟ್ರೋಜನ್. ಹಾಗಾಗಿ ಲೈನಿಗೆ 5 ಬಾರ್ ತುಂಬಿ, ಎರಡೂ ತುದಿ ಮುಚ್ಚಿ, ಗೇಜ್ ನೋಡುವುದು. ಇದನ್ನು ನಸುಕಿನಲ್ಲೇ ಮಾಡಬೇಕು. ಇಲ್ಲಿಯ ಬಿಸಿಲಿಗೆ ಕೊಳವೆ 10 ಡಿಗ್ರಿ ಕಾದರೂ ಗೇಜ್ 0.2 ಬಾರ್ ಏರಿ ಸಣ್ಣ ಸೋರಿಕೆಯನ್ನು ಮುಚ್ಚಿಬಿಡುತ್ತದೆ.

ಸಿಲಿಂಡರ್ ಬದಲಿಸುವ ಹೊತ್ತು

ಎಷ್ಟೇ ಒಳ್ಳೆಯ ಗ್ಯಾಸ್ ತಂದರೂ ಕೆಡುವುದು ಈ ಹತ್ತು ನಿಮಿಷಗಳಲ್ಲಿ. ರೆಗ್ಯುಲೇಟರ್ ಬಿಚ್ಚಿದ ಕ್ಷಣ ಅದರ ಹೊಟ್ಟೆ ತುಂಬ ಗಾಳಿ, ಅಂದರೆ 2,10,000 ಪಿಪಿಎಂ ಆಕ್ಸಿಜನ್. ಯಂತ್ರದ ಕಡೆಯ ವಾಲ್ವ್ ಮುಚ್ಚಿಟ್ಟು, ಸಿಲಿಂಡರ್ ವಾಲ್ವ್ ತೆರೆದು ಗೇಜ್ 9 ಬಾರ್ ಬರುವಂತೆ ತುಂಬಿ, ಸಿಲಿಂಡರ್ ವಾಲ್ವ್ ಮುಚ್ಚಿ, ಪಕ್ಕದ ಸೂಜಿ ವಾಲ್ವಿನಿಂದ ಹೊರಬಿಡಬೇಕು. ಗೇಜ್ ಸೊನ್ನೆ ಮುಟ್ಟುವ ಕೊಂಚ ಮೊದಲೇ ಸೂಜಿ ವಾಲ್ವ್ ಮುಚ್ಚಬೇಕು, ಇಲ್ಲದಿದ್ದರೆ ಗಾಳಿ ಮತ್ತೆ ಹಿಂದಕ್ಕೆ ಬರುತ್ತದೆ. ಒಂದೊಂದು ಸಲಕ್ಕೂ ಒಳಗಿನ ಗಾಳಿ ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ. ಐದು ಸಲಕ್ಕೆ 2 ಪಿಪಿಎಂ ಹತ್ತಿರ, ಆರು ಸಲಕ್ಕೆ ಅದಕ್ಕೂ ಕೆಳಗೆ. ಇಲ್ಲಿ ಎಂಟು ಸಲ ಎಂದು ಗೋಡೆಗೆ ಬರೆದು ಅಂಟಿಸಿದರು. ಸುಮ್ಮನೆ ಐದು ನಿಮಿಷ ಗ್ಯಾಸ್ ಹರಿಯಬಿಟ್ಟರೆ ಇದೇ ಫಲ ಸಿಗುವುದಿಲ್ಲ. ಡಯಾಫ್ರಂ ಹಿಂದಿನ ಮೂಲೆಗಳಲ್ಲಿ ನಿಂತ ಗಾಳಿಯನ್ನು ಹರಿವು ಮುಟ್ಟುವುದೇ ಇಲ್ಲ.

ಸಿಲಿಂಡರನ್ನು ಪೂರ್ತಿ ಹಿಂಡುವ ರೂಢಿಯೂ ನಿಂತಿತು. ಒತ್ತಡ ಕೆಳಗಿಳಿದಂತೆ ಒಳಗೋಡೆಗೆ ಅಂಟಿದ ನೀರಿನಾವಿ ಬಿಟ್ಟುಕೊಂಡು, ಉಳಿದ ಸ್ವಲ್ಪ ಗ್ಯಾಸಿನಲ್ಲಿ ಅದರ ಪಾಲು ಏರುತ್ತದೆ. ಹೀಗಾಗಿ 10 ಬಾರ್‌ಗೆ ಬಂದಾಗ ಬದಲಾವಣೆ. ಇನ್ನೊಂದು ಮುನ್ನೆಚ್ಚರಿಕೆ ಬೇಸಿಗೆಯದು: 15 ಡಿಗ್ರಿಯಲ್ಲಿ 150 ಬಾರ್ ಇರುವ ಸಿಲಿಂಡರ್ ಮೇ ತಿಂಗಳ 42 ಡಿಗ್ರಿಯಲ್ಲಿ 164 ತೋರಿಸುತ್ತದೆ. ಗ್ಯಾಸ್ ಹೆಚ್ಚು ಬಂದಿದೆ ಎಂದುಕೊಳ್ಳಬಾರದು. ತೇವಾಂಶ ಟ್ರ್ಯಾಪಿನ ಮಾಲಿಕ್ಯುಲರ್ ಸೀವ್ ಕೂಡ ಬಿಸಿಯಾದಷ್ಟೂ ಕಡಿಮೆ ನೀರು ಹಿಡಿಯುತ್ತದೆ. ಅದಕ್ಕೇ ಸಿಲಿಂಡರ್‌ಗಳು ಪಡಸಾಲೆಯ ಉತ್ತರದ ನೆರಳಿನಲ್ಲಿ, ಟ್ರ್ಯಾಪ್‌ಗಳು ಎಸಿ ಇರುವ ಕೋಣೆಯೊಳಗೆ.

ಫಲ

ಹೊಸ 5.0 ಸಿಲಿಂಡರ್, ಹೊಸ ಲೈನು, ಹೊಸ ಟ್ರ್ಯಾಪ್. ಹೊಸ ಟ್ರ್ಯಾಪ್‌ಗಳನ್ನು ಯಂತ್ರಕ್ಕೆ ಜೋಡಿಸುವ ಮೊದಲು ಅರ್ಧ ಗಂಟೆ ಹೊರಗೆ ಗ್ಯಾಸ್ ಬಿಟ್ಟು ತೊಳೆಯಲಾಯಿತು. ಹಾಗೇ ಹಾಕಿದರೆ ಒಳಗಿನ ಗಾಳಿಯೆಲ್ಲ ಕಾಲಂ ಮೇಲೆ ಬೀಳುತ್ತದೆ. ಕಾಲಂ ಇಲ್ಲದೆ ಇಸಿಡಿ ಮೊದಲ ದಿನ 290, ಮೂರನೇ ದಿನ 165 ಹರ್ಟ್ಸ್. ನಿಧಾನವಾಗಿ ಇಳಿದದ್ದು ಸೆಲ್ಲು, ಕೊಳವೆಗಳ ಗೋಡೆಯಲ್ಲಿ ಕೂತಿದ್ದ ತೇವ ಬಿಟ್ಟುಕೊಳ್ಳಲು ಹಿಡಿದ ಸಮಯ. ಕಾಲಂ ಹಾಕಿದ ಮೇಲೆ 205. ಕ್ಲೋರ್‌ಪೈರಿಫಾಸ್ ಸದ್ದಿಗಿಂತ 35 ಪಟ್ಟು. ಫಿನೈಲ್ ಕಾಲಂ ಉಳಿಯಿತು.

ವ್ಯಾಕ್ಸ್ ಕಾಲಂ ಉಳಿಯಲಿಲ್ಲ. ಒಂದು ಮೀಟರ್ ಕತ್ತರಿಸಿ, ಇಡೀ ರಾತ್ರಿ 230ರಲ್ಲಿ ಹದಗೊಳಿಸಿದರೂ ಲಿನೋಲಿಕ್ ಪೀಕ್ ತನ್ನ ಹಳೆಯ ಜಾಗಕ್ಕೆ ಮರಳಲಿಲ್ಲ, ಬಾಲ ಎಳೆಯುತ್ತಿತ್ತು. ಆಕ್ಸಿಜನ್ ತಿಂದ ಲೇಪ ಮತ್ತೆ ಬೆಳೆಯುವುದಿಲ್ಲ. ಬೇರೆ ಕಾಲಂ ತರಿಸಿದರು.

ಈಗ ನೈಟ್ರೋಜನ್ ಸಿಲಿಂಡರ್ ಇಳಿಸುವಾಗ ಸ್ಟೋರಿನವರೇ ಪ್ರಮಾಣಪತ್ರದ ಮೇಲೆ ಬೆರಳಿಟ್ಟು ಆಕ್ಸಿಜನ್ ಸಾಲು ಓದುತ್ತಾರೆ. ಜೂನ್‌ನಲ್ಲಿ ಬಂದ ಒಂದರಲ್ಲಿ ಒಟ್ಟು ಶುದ್ಧತೆ 99.999 ಎಂದಿತ್ತು, ಆಕ್ಸಿಜನ್ ಮುಂದೆ ಬರಿ ಗೆರೆ. ಬೂದು ಮೈ, ಕಪ್ಪು ಕುತ್ತಿಗೆಯ ಆ ಸಿಲಿಂಡರ್ ಲಾರಿಯಿಂದ ಇಳಿಯಲೇ ಇಲ್ಲ.